ಅಂಗಡಿಯ ಹೆಸರು, ಹೊಲದ ಹೆಸರು: ಒಂದು ಪದಪಟ್ಟಿ ಕಟ್ಟಿದ ಬಗೆ

ಹನಿ ನೀರಾವರಿಯ ಕೈಪಿಡಿಯನ್ನು ಕನ್ನಡಕ್ಕೆ ತರಲು ಕೂತಾಗ ಮೊದಲ ಮೂರು ದಿನ ನಾವು ಯಾವ ಇಂಗ್ಲಿಷ್ ಪದಕ್ಕೂ ಕನ್ನಡ ಪದ ಬರೆಯಲಿಲ್ಲ. ಬರೆಯಬಾರದು ಎಂದು ಮೊದಲೇ ಕಟ್ಟುನಿಟ್ಟು ಮಾಡಿಕೊಂಡಿದ್ದೆವು. ಇಂಗ್ಲಿಷ್ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಗೀಚುತ್ತಾ ಹೋದರೆ ಪದಕ್ಕೆ ಪದ ಸಿಗುತ್ತದೆ, ವಿಷಯ ಕೈತಪ್ಪುತ್ತದೆ. ಆ ಮೂರು ದಿನವೂ ಪುಸ್ತಕದಲ್ಲಿರುವ ಒಂದೊಂದು ವಸ್ತು, ಒಂದೊಂದು ಸ್ಥಿತಿ, ಒಂದೊಂದು ಕೆಲಸವನ್ನು ಬೇರೆಬೇರೆ ಚೀಟಿಗೆ ಇಳಿಸುವುದೇ ಕೆಲಸ.

ಚೀಟಿ ಅಂದರೆ ಅಂಚೆ ಕಾರ್ಡಿನ ಅಳತೆಯ ರಟ್ಟು. ಮೇಲೆ ಎಡಕ್ಕೆ ಸಂಖ್ಯೆ. ಅದರ ಕೆಳಗೆ ಆ ವಸ್ತು ಏನು, ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ಒಂದೇ ವಾಕ್ಯ. ಈ ವಾಕ್ಯದಲ್ಲಿ ಅದರ ಇಂಗ್ಲಿಷ್ ಹೆಸರು ಬರಬಾರದು. ‘ಮುಖ್ಯ ಪೈಪಿನಿಂದ ಕವಲೊಡೆದು ಗಿಡದ ಸಾಲಿನುದ್ದಕ್ಕೂ ಹೋಗುವ, 12 ಅಥವಾ 16 ಮಿಮೀ ಅಗಲದ ಕರಿ ಪೈಪು’ ಎಂದು ಬರೆದರೆ ಲ್ಯಾಟರಲ್ ಎಂಬ ಪದದ ಹಂಗಿಲ್ಲದೆ ವಸ್ತು ಕಣ್ಣೆದುರು ನಿಲ್ಲುತ್ತದೆ. ಚೀಟಿಯ ಹಿಂಬದಿ ಖಾಲಿ. ಯಾವ ತಾಲ್ಲೂಕಿನಲ್ಲಿ, ರೈತರೋ ಅಂಗಡಿಯವರೋ ಫಿಟ್ಟರೋ, ಏನೆಂದು ಕರೆದರು, ಅವರ ಬಾಯಿಂದ ಬಂದ ಇಡೀ ವಾಕ್ಯ ಯಾವುದು ಎಂಬುದಕ್ಕೆ ಆ ಜಾಗ. ಕೊನೆಯ ಗೆರೆಯಲ್ಲಿ ತೀರ್ಮಾನ ಮತ್ತು ತಾರೀಖು.

ಅರವತ್ತು ಪುಟದ ಕೈಪಿಡಿಯಲ್ಲಿ ಸುಮಾರು 400 ಪದ ಸಿಕ್ಕವು. ಚೀಟಿಯಾಗಿ ಎಣಿಸಿದರೆ 250ರ ಆಸುಪಾಸು. ಎಮಿಟರ್, ಡ್ರಿಪ್ಪರ್ ಎಂಬ ಎರಡು ಹೆಸರಿನಲ್ಲಿ ಇದ್ದದ್ದು ಗಿಡದ ಬುಡಕ್ಕೆ ಹನಿ ಬಿಡುವ ಒಂದೇ ವಸ್ತು, ಅಂಥವು ಒಂದಾದವು. ತಿರುಗುಮುರುಗೂ ಆಯಿತು. ಎಷ್ಟು ನೀರು ಹೊರಬರುತ್ತದೆ ಎಂದು ಹೇಳುವ ಡಿಸ್ಚಾರ್ಜ್ ಎಂಬ ಒಂದೇ ಪದ ಕೊಳವೆಬಾವಿಗೂ ಬಂದಿತ್ತು, ಡ್ರಿಪ್ಪರಿಗೂ ಬಂದಿತ್ತು. ನಮ್ಮ ಕಡೆ ಕೊಳವೆಬಾವಿಯ ನೀರನ್ನು ಇಂಚಿನಲ್ಲಿ ಹೇಳುತ್ತಾರೆ: ‘ಎರಡು ಇಂಚು ನೀರು ಬಿತ್ತು.’ ಡ್ರಿಪ್ಪರಿನದು ಗಂಟೆಗೆ 2, 4 ಅಥವಾ 8 ಲೀಟರ್. ಎರಡಕ್ಕೂ ಒಂದೇ ಕನ್ನಡ ಪದ ಕೊಟ್ಟಿದ್ದರೆ ಲೆಕ್ಕದ ಪುಟವೇ ಗೋಜಲಾಗುತ್ತಿತ್ತು. ಆದ್ದರಿಂದ ಎರಡು ಚೀಟಿ. ಪದಪಟ್ಟಿಯ ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಹಂತದಲ್ಲಿ, ತಿಳಿಯುವುದು ಮಾತ್ರ ಅಚ್ಚಾದ ಮೇಲೆ.

ನಾಲ್ಕನೆಯ ದಿನದಿಂದ ತಿರುಗಾಟ. ಇಲ್ಲಿ ಕೇಳುವ ಬಗೆಯೇ ಮುಖ್ಯ. ‘ಇದಕ್ಕೆ ಕನ್ನಡದಲ್ಲಿ ಏನಂತೀರಿ?’ ಎಂದು ಕೇಳಿದರೆ ಕೆಲಸ ಕೆಟ್ಟಿತು. ಎದುರಿಗಿರುವವರು ಪರೀಕ್ಷೆಗೆ ಕೂತವರಂತಾಗಿ, ಶಾಲೆಯಲ್ಲಿ ಕಲಿತ ಯಾವುದೋ ಪದ ಹುಡುಕುತ್ತಾರೆ. ಇಲ್ಲವೇ ‘ಪೈಪೇ ಅನ್ನೋದು ಸಾರ್’ ಎಂದು ಮುಗಿಸುತ್ತಾರೆ. ಕೆಲಸವನ್ನು ಕೇಳಬೇಕು. ‘ಸಾಲಿನ ಕೊನೇ ಗಿಡಕ್ಕೆ ನೀರು ಬರ್ತಿಲ್ಲ ಅಂದ್ರೆ ಮೊದಲು ಏನು ನೋಡ್ತೀರಿ?’ ಎಂದು ಕೇಳಿ ಸುಮ್ಮನಿರಬೇಕು. ಆಗ ಹೆಸರು, ಕ್ರಿಯಾಪದ, ವಿಶೇಷಣ ಎಲ್ಲವೂ ಒಟ್ಟಿಗೆ, ಅವುಗಳ ಜಾಗದಲ್ಲೇ ಬರುತ್ತವೆ. ಇಪ್ಪತ್ತು ನಿಮಿಷದ ಮಾತನ್ನು ಬರಹಕ್ಕಿಳಿಸಲು ಎರಡು ಗಂಟೆ ಬೇಕು. ಬೇಸರದ ಕೆಲಸವೇ, ಆದರೆ ಬಿಡುವಂತಿಲ್ಲ. ಕೇಳುತ್ತಲೇ ಟಿಪ್ಪಣಿ ಮಾಡಿಕೊಂಡರೆ ನಮ್ಮ ಕೈ ನಮಗೆ ಗೊತ್ತಿರುವ ಪದವನ್ನೇ ಬರೆಯುತ್ತದೆ.

ಹೀಗೆ ತಂದ ಮಾತಿನಲ್ಲಿ ನಾಮಪದಕ್ಕಿಂತ ಕ್ರಿಯಾಪದಗಳೇ ದೊಡ್ಡ ಆಸ್ತಿ. ಇಂಗ್ಲಿಷ್ ಕೈಪಿಡಿಯ ದೋಷಪಟ್ಟಿಯಲ್ಲಿ ಲೀಕ್ ಎಂಬ ಒಂದೇ ಪದ ಹನ್ನೊಂದು ಕಡೆ ಇತ್ತು. ಹೊಲದಲ್ಲಿ ಆ ಒಂದು ಪದದ ಜಾಗದಲ್ಲಿ ಐದು ಇದ್ದವು. ಕೂಡುವ ಜಾಗದಲ್ಲಿ ಒದ್ದೆ ಕಂಡು ಹನಿ ಕಾಣದಿದ್ದರೆ ‘ಒಸರುತ್ತೆ’. ಸಣ್ಣಗೆ ಬಿಡದೆ ಬರುತ್ತಿದ್ದರೆ ‘ಜಿನುಗುತ್ತೆ’. ಹನಿ ಎಣಿಸುವಂತಿದ್ದರೆ ‘ತೊಟ್ಟಿಕ್ಕುತ್ತೆ’. ಎಣಿಸಲಾಗದಂತೆ ಬಿದ್ದರೆ ‘ಸೋರುತ್ತೆ’. ಸೂಜಿ ತೂತಿನಿಂದ ನೂಲಿನಂತೆ ಎದ್ದರೆ ‘ಚಿಮ್ಮುತ್ತೆ’. ಇವು ಒಂದೇ ಅರ್ಥದ ಐದು ಪದಗಳಲ್ಲ. ಐದು ಬೇರೆ ಕಾಯಿಲೆಗಳು. ಒಸರುವುದಕ್ಕೆ ಹೆಚ್ಚಾಗಿ ಗ್ರೊಮೆಟ್, ಅಂದರೆ ಪೈಪು ಕೂಡುವ ತೂತಿಗೆ ಹಾಕುವ ರಬ್ಬರು ಬಳೆ, ಸರಿಯಾಗಿ ಕೂರದಿರುವುದು ಕಾರಣ. ಒತ್ತಿ ಕೂರಿಸಿದರೆ ನಿಲ್ಲುತ್ತದೆ. ಚಿಮ್ಮುವುದಕ್ಕೆ ಇಲಿ ಕಡಿದದ್ದೋ ಗುದ್ದಲಿ ತಾಗಿದ್ದೋ ಕಾರಣ. ಅಲ್ಲಿ ಪೈಪು ಕತ್ತರಿಸಿ ಜಾಯಿನರ್ ಹಾಕದೆ ದಾರಿಯಿಲ್ಲ. ಡ್ರಿಪ್ಪರಿನ ಮಾತೂ ಹಾಗೆಯೇ. ‘ಕಟ್ಟಿಕೊಂಡಿದೆ’ ಅಂದರೆ ಮಣ್ಣು ಅಥವಾ ಪಾಚಿ. ಸಾಲಿನ ತುದಿ ಬಿಚ್ಚಿ ನೀರು ಹರಿಸಿ ತೊಳೆಯುವುದು, ಫಿಲ್ಟರ್ ನೋಡುವುದು ಮೊದಲ ಮದ್ದು. ‘ಉಪ್ಪು ಕೂತಿದೆ’ ಅಂದರೆ ಗಡಸು ನೀರಿನ ಸುಣ್ಣ. ಅದು ತೊಳೆದರೆ ಹೋಗದು, ಆಮ್ಲದ ಉಪಚಾರ ಬೇಕು. ದೋಷಪಟ್ಟಿಯನ್ನು ನಾವು ಈ ಕ್ರಿಯಾಪದಗಳ ಮೇಲೆಯೇ ಮತ್ತೆ ಕಟ್ಟಿದೆವು. ಇಂಗ್ಲಿಷಿನ ಒಂದು ಸಾಲು ಕನ್ನಡದಲ್ಲಿ ಐದು ಸಾಲಾಯಿತು, ಐದಕ್ಕೂ ಬೇರೆ ಬೇರೆ ಪರಿಹಾರ ಬಂತು. ಮೂಲಕ್ಕಿಂತ ಕನ್ನಡದ ಪುಟವೇ ಹೆಚ್ಚು ಕೆಲಸಕ್ಕೆ ಬರುವಂತಾಯಿತು ಎಂದು ಹೇಳಲು ನಮಗೆ ಸಂಕೋಚವಿಲ್ಲ.

ನಾಮಪದಗಳ ಕತೆ ಬೇರೆ. ಲ್ಯಾಟರಲ್‌ಗೆ ‘ಪಾರ್ಶ್ವನಾಳ’ ಎಂಬ ಸಿದ್ಧ ಪದ ನಮ್ಮ ಮುಂದಿತ್ತು. ವ್ಯಾಕರಣದಲ್ಲಿ ಕುಂದಿಲ್ಲ. ಆದರೆ ಓದಿ ತೋರಿಸಿದ ಕಡೆಯಲ್ಲೆಲ್ಲ ಅದು ಪಾರ್ಶ್ವವಾಯುವನ್ನೇ ನೆನಪಿಗೆ ತಂದಿತು. ‘ಸಾಲುಪೈಪು’ ಎಂದು ನಾವೇ ಕಟ್ಟಿದ್ದು ಎಲ್ಲರಿಗೂ ತಕ್ಷಣ ತಿಳಿಯಿತು, ಕೇಳಲೂ ಚೆನ್ನಾಗಿತ್ತು. ಅದನ್ನೂ ಕೈಬಿಟ್ಟೆವು. ಕಾರಣ ಇಷ್ಟೇ: ಅಂಗಡಿಯ ಬಿಲ್ಲಿನಲ್ಲಿ ಲ್ಯಾಟರಲ್ ಎಂದಿರುತ್ತದೆ, ಸಹಾಯಧನದ ಅರ್ಜಿಯಲ್ಲಿ ಲ್ಯಾಟರಲ್ ಎಂದಿರುತ್ತದೆ. ಕೈಪಿಡಿ ಓದಿದವರು ಪೇಟೆಗೆ ಹೋಗಿ ಸಾಲುಪೈಪು ಕೊಡಿ ಎಂದರೆ ಅಂಗಡಿಯವರು ಬೇರೇನನ್ನೋ ಕೊಟ್ಟಾರು, ನಷ್ಟ ಓದುಗರದು. ಅಲ್ಲಿಂದ ಮುಂದೆ ಒಂದೇ ಸೂತ್ರ ಹಿಡಿದೆವು. ಕೊಂಡು ತರುವ ವಸ್ತುವಿಗೆ ಅಂಗಡಿಯ ಹೆಸರು. ಹೊಲದಲ್ಲಿ ನಡೆಯುವುದಕ್ಕೆ, ಕಾಣುವುದಕ್ಕೆ, ಕೆಡುವುದಕ್ಕೆ ಹೊಲದ ಹೆಸರು.

ಈ ಎರಡು ಹೆಸರಿನ ಏರ್ಪಾಟು ಹೊಸದೇನಲ್ಲ. ಪಹಣಿ ತೆಗೆದು ನೋಡಿ: ತರಿ, ಖುಷ್ಕಿ, ಬಾಗಾಯ್ತು. ಮೂರೂ ಪಾರಸಿಯ ದಾರಿಯಲ್ಲಿ ಬಂದವು. ಪಾರಸಿಯಲ್ಲಿ ತರ್ ಅಂದರೆ ಒದ್ದೆ, ಖುಷ್ಕ್ ಅಂದರೆ ಒಣ, ಬಾಗ್ ಅಂದರೆ ತೋಟ. ಆ ಜಮೀನಿನಲ್ಲೇ ನಿಂತವರ ಬಾಯಲ್ಲಿ ಮಾತ್ರ ಅವು ಗದ್ದೆ, ಹೊಲ ಅಥವಾ ಬೆದ್ದಲು, ತೋಟ. ಕಂದಾಯದ ಕಾಗದಕ್ಕೆ ಒಂದು ಪದ, ನೇಗಿಲಿಗೆ ಇನ್ನೊಂದು. ಎರಡೂ ತಲೆಮಾರುಗಳಿಂದ ಅಕ್ಕಪಕ್ಕ ಬಾಳುತ್ತಿವೆ. ಕೆರೆಯ ಪದಗಳಲ್ಲಿ ಮಾತ್ರ ಊರಿನ ಮಾತೇ ಕಚೇರಿಯನ್ನೂ ಗೆದ್ದಿತು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವು ಎಂಜಿನಿಯರುಗಳ ವರದಿಯಲ್ಲೂ ಹಾಗೆಯೇ ಇವೆ. ತೂಬು ಶಾಸನಗಳ ಕಾಲದ ತೂಂಬೇ. ಕೆರೆ ಕಟ್ಟಿದವರು, ನೀರು ಬಿಟ್ಟವರು, ಹೆಸರಿಟ್ಟವರು ಒಬ್ಬರೇ ಆಗಿದ್ದರಿಂದ ಅಲ್ಲಿ ಎರಡನೆಯ ಹೆಸರಿಗೆ ಜಾಗವೇ ಆಗಲಿಲ್ಲ ಎಂದು ನಮ್ಮ ಎಣಿಕೆ.

ಅಂಗಡಿಯ ಹೆಸರನ್ನು ಒಪ್ಪಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕನ್ನಡಕ್ಕೆ ಬಂದ ಪದ ಕನ್ನಡದ ಪ್ರತ್ಯಯ ಹೊರಬೇಕು. ಒಂದೊಂದು ಪದವನ್ನೂ ಆರು ಬಗೆಯಲ್ಲಿ ನಡೆಸಿ ನೋಡುತ್ತೇವೆ: ಅನ್ನು, ಇಂದ, ಗೆ, ಅಲ್ಲಿ, ಗಳು, ಆಮೇಲೆ ಸಮಾಸ. ಸಣ್ಣ ಪದಗಳಿಗೆ ಕನ್ನಡದಲ್ಲಿ ಹಳೆಯ ಅಚ್ಚು ಇದೆ. ಹಳಗನ್ನಡದ ಕಲ್ ಇಂದು ಕಲ್ಲು. ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಸಿತು. ಕಾಲ್ ಇಂದು ಕಾಲು. ದೀರ್ಘದ ಮುಂದೆ ಒಂಟಿಯಾಗಿಯೇ ಉಳಿಯಿತು. ಇಂಗ್ಲಿಷಿನಿಂದ ಬಂದವೂ ಅದೇ ಅಚ್ಚಿಗೆ ಬಿದ್ದವು. ಒಂದು ಕಡೆ ಬಸ್ಸು, ಪೆನ್ನು, ನಟ್ಟು. ಇನ್ನೊಂದು ಕಡೆ ಕಾರು, ಪೈಪು, ಟೇಪು. ಯಾರೂ ಹೇಳಿಕೊಟ್ಟದ್ದಲ್ಲ. ನಾಲಗೆಯೇ ಮಾಡಿದ ಕೆಲಸ ಇದು, ಎಷ್ಟು ಸಲ ನೋಡಿದರೂ ನಮಗೆ ಸಂತೋಷವಾಗುತ್ತದೆ.

ತೊಡಕು ಬರುವುದು ಉದ್ದ ಪದಗಳಲ್ಲಿ. ಲ್ಯಾಟರಲ್‌ಗೆ ಅಲ್ಲಿ ಸೇರಿಸಿ. ‘ಲ್ಯಾಟರಲ್ಲಿ’ ಎಂದು ಅವಸರದಲ್ಲಿ ಬರೆದರೆ ಲ್ಯಾಟರ್ ಎಂಬುದರೊಳಗೆ ಎಂದಾಗುತ್ತದೆ. ‘ಲ್ಯಾಟರಲ್ಲಿನಲ್ಲಿ’ ಎಂದರೆ ನಾಲಗೆ ತೊಡರುತ್ತದೆ. ಪರಿಹಾರ ಸುಲಭವಾದದ್ದು, ಊರಿನವರು ಆಗಲೇ ಮಾಡಿಕೊಂಡಿದ್ದದ್ದು: ಪರಕೀಯ ಹೆಸರಿನ ಬೆನ್ನಿಗೆ ಪಳಗಿದ ಪದವೊಂದನ್ನು ಕಟ್ಟುವುದು. ‘ಲ್ಯಾಟರಲ್ ಪೈಪು’ ಎಂದರೆ ಪ್ರತ್ಯಯದ ಭಾರವೆಲ್ಲ ಪೈಪಿನ ಮೇಲೆ: ಲ್ಯಾಟರಲ್ ಪೈಪಿನಲ್ಲಿ, ಪೈಪಿನಿಂದ, ಪೈಪುಗಳಿಗೆ. ಪಟ್ಟಿಯ ಮೂವತ್ತಕ್ಕೂ ಹೆಚ್ಚು ಪದ ಹೀಗೆ ದಾರಿಗೆ ಬಂದವು.

ಕನ್ನಡಕ್ಕೆ ಬೇರೆ ನುಡಿ ಬೆರೆಸುವುದರ ಬಗ್ಗೆ ಸಿಟ್ಟೂ ಹಳೆಯದು. ಮುಳುಗುಂದದ ಕವಿ ನಯಸೇನ 1112ರಲ್ಲೇ, ಶುದ್ಧಗನ್ನಡದೊಳಗೆ ಸಕ್ಕದವನ್ನು, ಅಂದರೆ ಸಂಸ್ಕೃತವನ್ನು, ತಂದಿಕ್ಕುವುದು ತುಪ್ಪ ಎಣ್ಣೆ ಬೆರೆಸಿದಂತಲ್ಲವೇ ಎಂದು ಕೇಳಿದ್ದಾನೆ. ಪಟ್ಟಿ ಮಾಡುವಾಗ ಆ ಪ್ರಶ್ನೆಯನ್ನು ನಾವು ಗೌರವದಿಂದಲೇ ಇಟ್ಟುಕೊಳ್ಳುತ್ತೇವೆ, ಏಕೆಂದರೆ ಕೆಟ್ಟ ಬೆರಕೆ ನಿಜವಾಗಿಯೂ ಕಿವಿಗೆ ಹತ್ತುವುದಿಲ್ಲ. ಆದರೆ ಪಾಲುದಾರ, ಗುತ್ತಿಗೆದಾರ, ಬಳಕೆದಾರ ಈ ಮೂರನ್ನು ನೋಡಿ. ಪಾಲು, ಗುತ್ತಿಗೆ, ಬಳಕೆ ಕನ್ನಡದವು, ದಾರ ಪಾರಸಿಯದು. ಇವಿಲ್ಲದೆ ಒಂದು ಕರಾರುಪತ್ರ ಬರೆಯಲಾಗದು. ಹಾಗಾಗಿ ಪದ ಎಲ್ಲಿಂದ ಬಂತೆಂದು ನೋಡಿ ನಾವು ಯಾವುದನ್ನೂ ತಳ್ಳಿಹಾಕಲಿಲ್ಲ.

ಈ ಕೈಪಿಡಿಯಲ್ಲಿ ಹೆಚ್ಚು ದಿನ ತಿಂದದ್ದು ಮಣ್ಣಿನ ತೇವದ ಅಧ್ಯಾಯ. ಫೀಲ್ಡ್ ಕೆಪ್ಯಾಸಿಟಿ ಎಂಬ ಪರಿಕಲ್ಪನೆ: ಮಣ್ಣು ಪೂರ್ತಿ ನೆನೆದ ಮೇಲೆ ಹೆಚ್ಚಿನ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಒಂದರಿಂದ ಮೂರು ದಿನದೊಳಗೆ ಇಳಿಯುವುದು ನಿಂತಂತಾಗಿ, ಆಗ ಮಣ್ಣು ಹಿಡಿದುಕೊಂಡಿರುವ ನೀರು. ಮರಳು ಮಣ್ಣಿನಲ್ಲಿ ಇದು ಬೇಗ, ಎರೆ ಎಂಬ ಕರಿ ಮಣ್ಣಿನಲ್ಲಿ ನಿಧಾನ. ಇದಕ್ಕೆ ಓಡಾಡುತ್ತಿರುವ ಅನುವಾದ ‘ಕ್ಷೇತ್ರ ಸಾಮರ್ಥ್ಯ’. ಇಂಗ್ಲಿಷಿನ ಎರಡು ಪದಕ್ಕೆ ಎರಡು ಪದ ಇಟ್ಟದ್ದಷ್ಟೇ. ನೀರೂ ಇಲ್ಲ, ಮಣ್ಣೂ ಇಲ್ಲ. ಕ್ಷೇತ್ರ ಎಂದರೆ ಓದುಗರಿಗೆ ಚುನಾವಣೆಯೋ ದೇವಸ್ಥಾನವೋ ನೆನಪಾಗುತ್ತದೆ.

ಹೊಲದಲ್ಲಿ ಇದಕ್ಕೆ ಹತ್ತಿರದ ಪದ ‘ಹದ’. ಎಷ್ಟು ಹತ್ತಿರ ಅಂದರೆ ಮೊದಲ ಕರಡಿನಲ್ಲಿ ನಾವು ಅದನ್ನೇ ಇಟ್ಟುಬಿಟ್ಟಿದ್ದೆವು. ಅದು ತಪ್ಪೆಂದು ತೋರಿಸಿದ್ದು ಎರೆ ಮಣ್ಣು. ಹದ ನೋಡುವ ಕ್ರಮ ಹೀಗೆ: ಗೇಣುದ್ದ ಕೆದಕಿ ಒಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಅಂಗೈಯಲ್ಲಿ ಅಮುಕುತ್ತಾರೆ. ಉಂಡೆಯಾಗಬೇಕು. ಬೆರಳಿಗೆ ಅಂಟಬಾರದು. ಸೊಂಟದೆತ್ತರದಿಂದ ಬಿಟ್ಟರೆ ಒಡೆದು ಚೂರಾಗಬೇಕು. ಒಡೆಯದೆ ಚಪ್ಪಟೆಯಾದರೆ ಹಸಿ ಹೆಚ್ಚು. ಉಂಡೆಯೇ ಕಟ್ಟದಿದ್ದರೆ ಹದ ಹೋಯಿತು. ಪುಸ್ತಕದ ಲೆಕ್ಕದಲ್ಲಿ ಎರೆ ಮಣ್ಣು ಫೀಲ್ಡ್ ಕೆಪ್ಯಾಸಿಟಿಯಲ್ಲಿ ಇರುವಾಗ ಅಂಗೈಗೆ ಮೆತ್ತಿಕೊಳ್ಳುತ್ತದೆ. ಆಗ ನೇಗಿಲು ಹೂಡಿದರೆ ಹೆಂಟೆ ಏಳುತ್ತದೆ, ಒಣಗಿದ ಮೇಲೆ ಒಡೆಯುವುದು ಕಷ್ಟ. ಹದ ಅದಕ್ಕಿಂತ ಸ್ವಲ್ಪ ಕೆಳಗೆ. ಒಂದು, ಮಣ್ಣು ಎಷ್ಟು ನೀರು ಹಿಡಿದೀತು ಎಂಬುದರ ಅಳತೆ. ಇನ್ನೊಂದು, ಈಗ ಕೆಲಸಕ್ಕೆ ಇಳಿಯಬಹುದೇ ಎಂಬುದರ ನಿರ್ಣಯ. ಹದವೆಂದು ಅಚ್ಚು ಹಾಕಿದ್ದರೆ ಪಕ್ಕದ ಕೋಷ್ಟಕದ ಅಂಕಿಗಳೆಲ್ಲ ಹೊಲದಲ್ಲಿ ಸುಳ್ಳಾಗುತ್ತಿದ್ದವು.

ಎರಡನೆಯ ಕರಡಿನಲ್ಲಿ ‘ಹಿಡಿನೀರು’ ಎಂದು ಕಟ್ಟಿದೆವು. ಮಣ್ಣು ಹಿಡಿದ ನೀರು ಎಂಬರ್ಥ. ಚಿಕ್ಕದು, ಕನ್ನಡದ್ದು, ನಮಗೆಲ್ಲ ಬಹಳ ಇಷ್ಟವಾಗಿತ್ತು. ಓದಿಸಿ ನೋಡಿದಾಗ ಹನ್ನೆರಡು ಜನರಲ್ಲಿ ಏಳು ಜನ ಅದನ್ನು ಒಂದು ಹಿಡಿ ನೀರು ಎಂದು ತಿಳಿದರು. ಹಿಡಿಯಕ್ಕಿ, ಹಿಡಿಮಣ್ಣು ಇರುವ ಭಾಷೆಯಲ್ಲಿ ಅವರು ಓದಿದ್ದೇ ಸರಿ. ಕೊನೆಗೆ ನಿಂತದ್ದು ‘ನೀರು ಹಿಡಿಯುವ ಮಿತಿ’. ಮೂರು ಪದ, ಸ್ವಲ್ಪ ಉದ್ದ, ಆದರೆ ಅರ್ಥ ಅಲ್ಲಾಡುವುದಿಲ್ಲ. ಅದರ ಜೋಡಿ ಪರಿಕಲ್ಪನೆ ಸುಲಭವಾಗಿ ಬಂತು: ಇನ್ನೂ ನೀರಿದ್ದರೂ ಬೇರಿಗೆ ಎಳೆಯಲಾಗದೆ ಗಿಡ ಬಾಡಿ ಮೇಲೇಳದ ಹಂತ. ಕ್ರಿಯಾಪದಕ್ಕೆ ನೇರವಾಗಿ ನಾಮಪದ ಸೇರಿಸುವುದು ಕನ್ನಡದ ಬಹಳ ಗಟ್ಟಿ ದಾರಿ: ಬೀಸುಕಲ್ಲು, ಕಡೆಗೋಲು, ತೂಗುಮಂಚ, ಈಚಿನ ತೂಗುಸೇತುವೆ. ಅದೇ ದಾರಿಯಲ್ಲಿ ‘ಬಾಡುಮಟ್ಟ’. ಯಾರೂ ಅರ್ಥ ಕೇಳಲಿಲ್ಲ. ಹದಕ್ಕೂ ಕೈಪಿಡಿಯಲ್ಲಿ ಜಾಗ ಕೊಟ್ಟೆವು, ಬೇರೆಯೇ ಚೀಟಿಯಾಗಿ, ಉಂಡೆ ಕಟ್ಟಿ ನೋಡುವ ಚಿತ್ರದೊಂದಿಗೆ. ಇಂಗ್ಲಿಷ್ ಮೂಲದಲ್ಲಿ ಆ ಪುಟವೇ ಇಲ್ಲ.

ಹೊಸದೊಂದು ಬಂದಾಗ ಹಳೆಯದಕ್ಕೂ ಹೆಸರು ಬೇಕಾಗುತ್ತದೆ. ಪಟ್ಟಿ ಮಾಡುವವರು ಇದನ್ನು ಮರೆಯುವುದು ಹೆಚ್ಚು. ಪೋರ್ಚುಗೀಸರ ಕಾಲದಲ್ಲಿ ಕೆಂಪು ಕಾಯಿ ಬಂದಾಗ ಮೆಣಸಿನ ಹೆಸರು ಹಿಡಿದು ಅದನ್ನು ಮೆಣಸಿನಕಾಯಿ ಎಂದರು. ಅಲ್ಲಿಯವರೆಗೆ ಬರೀ ಮೆಣಸಾಗಿದ್ದದ್ದು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಆಗಬೇಕಾಯಿತು. ಮುಸುಕಿನ ಜೋಳ ಬಂದ ಮೇಲೆ ಜೋಳ ಬಿಳಿಜೋಳವಾಯಿತು. ಚೀಲದ ಗೊಬ್ಬರ ಬಂದ ಮೇಲೆ ಗೊಬ್ಬರ ಕೊಟ್ಟಿಗೆ ಗೊಬ್ಬರವಾಯಿತು. ಹನಿ ನೀರಾವರಿಯಲ್ಲೂ ಹಾಗೆಯೇ. ಮೊದಲು ‘ನೀರು ಕಟ್ಟೋದು’, ‘ನೀರು ಹಾಯಿಸೋದು’ ಅಷ್ಟೇ. ಹೋಲಿಸಲು ಬೇರೆ ಇರಲಿಲ್ಲ. ಕೈಪಿಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಡಬೇಕಾದಾಗ ‘ಹಾಯಿಸುವ ನೀರು’ ಎಂದು ಗುರುತು ಹಚ್ಚಿದೆವು. ತಳಿಯ ಮಾತಿನಲ್ಲಿ ಇನ್ನೊಂದು ಡಿಕ್ಕಿ. ಹಳೇ ಮೈಸೂರು ಕಡೆ ಊರ ತಳಿಗೆ ‘ನಾಟಿ’ ಎನ್ನುತ್ತಾರೆ, ಸಸಿ ನೆಡುವುದಕ್ಕೂ ‘ನಾಟಿ’. ‘ನಾಟಿ ಬದನೆ ನಾಟಿ ಮಾಡಿದ ಹತ್ತನೇ ದಿನ’ ಎಂಬ ಸಾಲು ಕರಡಿನಲ್ಲಿ ನಿಜವಾಗಿಯೂ ಇತ್ತು. ಉತ್ತರ ಕರ್ನಾಟಕದ ‘ಜವಾರಿ’ಯನ್ನು ತಳಿಗೆ ಇಟ್ಟು, ನಾಟಿಯನ್ನು ನೆಡುವ ಕೆಲಸಕ್ಕೆ ಬಿಟ್ಟೆವು. ದಕ್ಷಿಣದ ಓದುಗರಿಗಾಗಿ ಮೊದಲ ಸಲ ಬಂದಲ್ಲಿ ಒಂದು ಸಾಲು ವಿವರಣೆ.

ಹಳೆಯ ಪದವೇ ಹೊಸ ಅರ್ಥ ಹೊರುವುದೂ ಉಂಟು. ಸಹಾಯಧನದ ಅಧ್ಯಾಯಕ್ಕೆ ಬೇಕಾಗಿದ್ದ ‘ಕಡತ’ ಅಂಥದ್ದು. ಕಡತ ಮೂಲದಲ್ಲಿ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಯ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವೆ. ಬಟ್ಟೆ ಹೋಯಿತು, ಬಳಪ ಹೋಯಿತು. ಲೆಕ್ಕಪತ್ರ ಒಟ್ಟಿಗೆ ಇಡುವುದು ಎಂಬ ಕೆಲಸ ಮಾತ್ರ ಉಳಿದು, ಪದ ಕಚೇರಿಯ ಕಾಗದದ ಕಟ್ಟಿಗೆ ಹತ್ತಿತು, ಅಲ್ಲಿಂದ ಕಂಪ್ಯೂಟರಿಗೂ ಬಂತು.

ತೀರ್ಮಾನವಾದ ಪದಗಳನ್ನು ಕಂಪ್ಯೂಟರಿನಲ್ಲಿ ಇಡೀ ಪುಸ್ತಕಕ್ಕೆ ಹಚ್ಚುವಾಗ ಒಂದು ಎಚ್ಚರ. ಒಂದೇ ಏಟಿಗೆ ಹುಡುಕಿ ಬದಲಿಸುವ ಸೌಲಭ್ಯ ಕನ್ನಡದಲ್ಲಿ ಅಪಾಯದ್ದು. ಯೂನಿಕೋಡಿನಲ್ಲಿ ಸ್ವರಚಿಹ್ನೆಗೆ ಬೇರೆಯೇ ಸಂಕೇತವಿರುವುದರಿಂದ ‘ಹದ’ವನ್ನು ಹುಡುಕಿದರೆ ‘ಹದಿನೈದು’ ಕೂಡ ಸಿಗುತ್ತದೆ. ಒಟ್ಟಿಗೆ ಬದಲಿಸಿದರೆ ಅಳತೆಗಳೇ ಹಾಳು. ‘ಮಿತಿ’ಯನ್ನು ‘ಮಟ್ಟ’ ಮಾಡಹೊರಟರೆ ‘ಸಮಿತಿ’ ‘ಸಮಟ್ಟ’ವಾಗುತ್ತದೆ. ‘ಫಿಲ್ಟರ್‌ಗೆ’ ಎಂಬಲ್ಲಿ ಅಕ್ಷರಗಳನ್ನು ಬಿಡಿಸುವ, ಕಣ್ಣಿಗೆ ಕಾಣದ ಗುರುತನ್ನು ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಹುಡುಕಾಟದಲ್ಲಿ ಅವು ಎರಡು ಪದ. ಒಂದೊಂದನ್ನೂ ಕಣ್ಣಿಂದ ನೋಡಿ ಬದಲಿಸುವುದೇ ಸರಿ. 250 ಪದಕ್ಕೆ ಎರಡು ದಿನ ಹಿಡಿಯಿತು.

ಕೊನೆಯ ಪರೀಕ್ಷೆ ಓದಿಸುವುದು. ಅರ್ಥವಾಯಿತೇ ಎಂದು ಕೇಳುವುದಿಲ್ಲ, ಏಕೆಂದರೆ ಆಗಲಿಲ್ಲವೆಂದು ಯಾರೂ ಹೇಳುವುದಿಲ್ಲ. ಪುಟ ಕೈಗೆ ಕೊಟ್ಟು, ಫಿಲ್ಟರ್, ಪೈಪು, ಗ್ರೊಮೆಟ್, ತುದಿಯ ಮುಚ್ಚಳ ಎಲ್ಲವನ್ನೂ ಮುಂದಿಟ್ಟು, ಓದಿದಂತೆ ಮಾಡಿ ಎನ್ನುತ್ತೇವೆ. ಕೈ ಎಲ್ಲಿ ನಿಂತಿತು, ಕಣ್ಣು ಯಾವ ಸಾಲಿಗೆ ವಾಪಸ್ ಹೋಯಿತು ಎಂದು ಗುರುತು ಮಾಡಿಕೊಳ್ಳುತ್ತೇವೆ. ಒಂದೇ ಪದದ ಬಳಿ ಮೂವರು ನಿಂತರೆ ಆ ಚೀಟಿ ಮತ್ತೆ ಮೇಜಿಗೆ. ಮೊದಲ ಸುತ್ತಿನಲ್ಲಿ 31 ಚೀಟಿ ವಾಪಸ್ ಬಂದವು, ಎರಡನೆಯದರಲ್ಲಿ ಒಂಬತ್ತು.

ಆ ಒಂಬತ್ತರಲ್ಲಿ ನಾಲ್ಕು ಇನ್ನೂ ತೀರ್ಮಾನವಾಗಿಲ್ಲ. ಅದರಲ್ಲೊಂದು ಮೊಬೈಲಿನಿಂದ ಪಂಪು ನಡೆಸುವ ಪೆಟ್ಟಿಗೆಯದು. ಅಂಗಡಿಯಲ್ಲಿ ಮೊಬೈಲ್ ಸ್ಟಾರ್ಟರ್. ಹೊಲದಲ್ಲಿ ಪೆಟ್ಟಿಗೆಗೆ ಹೆಸರೇ ಹುಟ್ಟಿಲ್ಲ, ಕೆಲಸಕ್ಕೆ ಮಾತ್ರ ಹುಟ್ಟಿದೆ: ‘ಕರೆಂಟ್ ಬಂದಿದೆ, ಮೋಟ್ರಿಗೆ ಒಂದು ಫೋನ್ ಮಾಡು.’ ವಾಕ್ಯವನ್ನು ಚೀಟಿಯ ಹಿಂಬದಿಯಲ್ಲಿ ತಾಲ್ಲೂಕಿನ ಹೆಸರಿನೊಂದಿಗೆ ಬರೆದಿಟ್ಟಿದ್ದೇವೆ. ತೀರ್ಮಾನದ ಗೆರೆಯನ್ನು ಮುಂದಿನ ಮುದ್ರಣದವರೆಗೆ ಖಾಲಿ ಬಿಟ್ಟಿದ್ದೇವೆ.